ಹಗಲು ಬೇಸಿಗೆ ಶಿಬಿರಕ್ಕೆ ಮಕ್ಕಳನ್ನು ಹಾಕುವ ಮುಂಚೆ ಏನೇನು ಕೇಳಬೇಕು?

ಪ್ರಶ್ನೆ | ಎರಡು ಚೀಲದ ಅಮ್ಮ

ದೊಡ್ಡವನಿಗೆ 9 ವರ್ಷ, ಚಿಕ್ಕವಳಿಗೆ 5 ತುಂಬಿ 6 ನಡೀತಿದೆ. ಈ ರಜೆಯಲ್ಲಿ ಇಬ್ಬರನ್ನೂ ಹಗಲು ಶಿಬಿರಕ್ಕೆ ಸೇರಿಸೋ ಯೋಚನೆ. ಬೆಳಿಗ್ಗೆ 9ರಿಂದ ಸಂಜೆ 4, ವಾರಕ್ಕೆ 5 ದಿನ, ಒಟ್ಟು 3 ವಾರ. ವಾರಕ್ಕೆರಡು ಸಲ ಈಜು, ಒಂದು ಸಲ ಬಸ್ಸಿನಲ್ಲಿ ಹೊರಗೆ ಕರ್ಕೊಂಡು ಹೋಗ್ತಾರಂತೆ.

ದೊಡ್ಡವನಿಗೆ ಕಡಲೆಕಾಯಿ ಅಲರ್ಜಿ, ಆಟೋ ಇಂಜೆಕ್ಟರ್ (ಅಲರ್ಜಿ ಜೋರಾದಾಗ ತೊಡೆಗೆ ಒತ್ತಿ ಚುಚ್ಚುವ ಅಡ್ರಿನಲಿನ್ ಔಷಧಿ) ಇದೆ. ಓಡಿದರೆ ಉಬ್ಬಸ, ಅದಕ್ಕೆ ಇನ್ಹೇಲರ್. ಚಿಕ್ಕವಳಿಗೆ ಇದೇ ಮೊದಲು, ಮನೆಯವರನ್ನು ಬಿಟ್ಟು ಇದ್ದು ಅಭ್ಯಾಸ ಇಲ್ಲ.

ಕರಪತ್ರಗಳೆಲ್ಲ ಒಂದೇ ಥರ: ನಗುವ ಮಕ್ಕಳು, ಬಣ್ಣ, ಬಲೂನು. ಫೋನ್ ಮಾಡಿದರೆ "ಎಲ್ಲಾ ನೋಡ್ಕೋತೀವಿ ಮೇಡಂ" ಅನ್ನುವ ಒಂದೇ ಉತ್ತರ. ಶಿಬಿರಗಳಲ್ಲಿ ಕೆಲಸ ಮಾಡಿದವರು, ವರ್ಷ ವರ್ಷ ಮಕ್ಕಳನ್ನು ಕಳಿಸುವವರು ಇಲ್ಲಿದ್ದೀರಿ. ಏನು ಕೇಳಬೇಕು, ಏನು ಕಳಿಸಬೇಕು, ಎಲ್ಲಿ ತಪ್ಪಾಗುತ್ತೆ, ಬಿಡಿಸಿ ಹೇಳಿ. "ಮಕ್ಕಳು ಹೊಂದ್ಕೋತಾರೆ ಬಿಡಿ" ಅನ್ನೋದು ಬೇಡ, ಅದು ಮನೆಯಲ್ಲೇ ಸಾಕಷ್ಟು ಸಿಗ್ತಿದೆ.


ಉತ್ತರ 1 | ಹಾಜರಿ ಹಲಗೆ (ಶಿಬಿರ ಸಂಯೋಜನೆ)

ಚಟುವಟಿಕೆಗಳ ಪಟ್ಟಿಯನ್ನು ಮಡಚಿ ಪಕ್ಕಕ್ಕಿಡಿ. ಬಣ್ಣ, ಕುಣಿತ, ಮಣ್ಣಿನ ಕೆಲಸ ಎಲ್ಲ ಕಡೆಯೂ ಇರುತ್ತೆ. ಶಿಬಿರ ಹೇಗೆ ನಡೆಯುತ್ತೆ ಅನ್ನೋದು ಗೊತ್ತಾಗೋದು ಮಕ್ಕಳು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವ ಐದು ನಿಮಿಷದಲ್ಲಿ. ಆಟದ ಬಯಲಿಂದ ಊಟಕ್ಕೆ, ಊಟದಿಂದ ಶೌಚಾಲಯಕ್ಕೆ, ಬಸ್ಸಿನಿಂದ ಕೆಳಕ್ಕೆ. ಮಗು ಹಿಂದೆ ಉಳಿಯೋದು, ದಾರಿ ತಪ್ಪೋದು ಹೆಚ್ಚಾಗಿ ಆಗಲೇ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ಇದಾಗಿರಲಿ: "ದಿನಕ್ಕೆ ಎಷ್ಟು ಸಲ ಎಣಿಸ್ತೀರಿ, ಹೇಗೆ ಎಣಿಸ್ತೀರಿ?"

"ಹೇಗೆ" ಅನ್ನೋದೇ ಮುಖ್ಯ. ಬರೀ ತಲೆ ಎಣಿಸಿದರೆ ಸಾಲದು. 12 ಮಕ್ಕಳ ಗುಂಪು ಅಂದುಕೊಳ್ಳಿ. ನೀರು ಕುಡಿಯೋ ಜಾಗದಲ್ಲಿ ಪಕ್ಕದ ಗುಂಪಿನ ಮಗು ಗೆಳೆಯನ ಜೊತೆ ಈ ಸಾಲಿಗೆ ಸೇರಿಕೊಂಡಿದೆ, ಈ ಗುಂಪಿನ ಇನ್ನೊಂದು ಮಗು ಶೌಚಾಲಯದಲ್ಲೇ ಉಳಿದಿದೆ. ಎಣಿಸಿದರೆ 12 ಸರಿಯಾಗೇ ಬರುತ್ತೆ, ಸಾಲು ಹೊರಡುತ್ತೆ. ಅದಕ್ಕೇ ಹೆಸರು ಕೂಗಿ, ಮುಖ ನೋಡಿ, ಹಾಳೆಯಲ್ಲಿ ಗುರುತು ಹಾಕಬೇಕು. ಒಳ್ಳೆಯ ಶಿಬಿರದ ಹಾಜರಿ ಹಾಳೆಯಲ್ಲಿ ಹೆಸರಿನ ಮುಂದೆ ಒಂದೇ ಕಾಲಂ ಇರಲ್ಲ, ಏಳೆಂಟು ಇರುತ್ತೆ: ಬಂದಾಗ, ಮೊದಲ ಆಟ ಮುಗಿದಾಗ, ಊಟಕ್ಕೆ ಮುಂಚೆ, ಊಟದ ನಂತರ, ನೀರಿಗೆ ಇಳಿಯುವ ಮುಂಚೆ, ಹತ್ತಿ ಬಂದ ಮೇಲೆ, ಹೊರಡುವಾಗ. ನೋಡಲು ಹೋದಾಗ ಮಧ್ಯಾಹ್ನದ ಹೊತ್ತಿಗೆ ಆ ಹಾಳೆ ತೋರಿಸಿ ಅನ್ನಿ. ಬೆಳಗಿನ ಕಾಲಂ ಮಾತ್ರ ತುಂಬಿದ್ದರೆ, ಅಥವಾ ಸಂಜೆಯದೂ ಆಗಲೇ ತುಂಬಿಬಿಟ್ಟಿದ್ದರೆ (ನಗಬೇಡಿ, ಇರುತ್ತೆ), ಉತ್ತರ ಸಿಕ್ಕಿತು.

ಎರಡನೇದು, ಎಷ್ಟು ಮಕ್ಕಳಿಗೆ ಎಷ್ಟು ಜನ. ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್ ಹಗಲು ಶಿಬಿರಗಳಿಗೆ ಹೇಳುವ ಲೆಕ್ಕ: 5 ವರ್ಷದವರೆಗೆ 6 ಮಕ್ಕಳಿಗೆ ಒಬ್ಬರು, 6ರಿಂದ 8ಕ್ಕೆ 8 ಮಕ್ಕಳಿಗೆ ಒಬ್ಬರು, 9ರಿಂದ 14ಕ್ಕೆ 10 ಮಕ್ಕಳಿಗೆ ಒಬ್ಬರು. ಎಲ್ಲೇ ಇದ್ದರೂ ಅಳೆದು ನೋಡಲು ಇದು ಒಳ್ಳೆಯ ಕೋಲು. ಆದರೆ ಇಲ್ಲೊಂದು ಕೈಚಳಕ ನಡೆಯುತ್ತೆ. ಅಡುಗೆಯವರು, ಚಾಲಕ, ಕಚೇರಿಯವರು ಎಲ್ಲರನ್ನೂ ಸೇರಿಸಿ "ನಮ್ಮಲ್ಲಿ 7 ಮಕ್ಕಳಿಗೆ ಒಬ್ಬರು" ಅಂತಾರೆ. 15 ವರ್ಷದ ಸ್ವಯಂಸೇವಕರನ್ನೂ ಲೆಕ್ಕಕ್ಕೆ ಹಿಡಿಯೋದುಂಟು. ಅವರು ಮಕ್ಕಳ ಜೊತೆ ಚೆನ್ನಾಗಿ ಆಡ್ತಾರೆ, ಆದರೆ ಜವಾಬ್ದಾರಿಯ ಲೆಕ್ಕಕ್ಕೆ ಬರಬಾರದು. ನೀವು ಕೇಳಬೇಕಾದ್ದು: "ನನ್ನ ಮಗಳ ಗುಂಪಿನಲ್ಲಿ ಎಷ್ಟು ಮಕ್ಕಳು, 18 ದಾಟಿದವರು ಎಷ್ಟು ಜನ, ಒಬ್ಬರು ಊಟಕ್ಕೆ ಹೋದಾಗ ಅವರ ಜಾಗಕ್ಕೆ ಯಾರು?" ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟರೆ ಅವರಲ್ಲಿ ವ್ಯವಸ್ಥೆ ಇದೆ ಅಂತ ಅರ್ಥ.

ಕರ್ಕೊಂಡು ಹೋಗುವಾಗ. ಯಾರ್ಯಾರು ಬರಬಹುದು ಅನ್ನೋ ಪಟ್ಟಿ ಬರಹದಲ್ಲಿ ಇರಬೇಕು, ಬಂದವರ ಫೋಟೋ ಇರುವ ಗುರುತಿನ ಚೀಟಿ ನೋಡಬೇಕು. ಮೊದಲ ವಾರವಷ್ಟೇ ಅಲ್ಲ, ಹೊಸಬರು ಬಂದಾಗಲೆಲ್ಲ. "ಮಗು ಅವರನ್ನ ನೋಡಿ ಮಾಮ ಅಂತು, ಕಳಿಸಿದ್ವಿ" ಅನ್ನೋದು ಒಪ್ಪುವ ಮಾತಲ್ಲ. ಕೊನೇ ಗಳಿಗೆಯಲ್ಲಿ ಬದಲಾವಣೆ ಇದ್ದರೆ ಫೋನ್ ಮಾಡಿದಾಗ ಹೇಳಬೇಕಾದ ಗುಟ್ಟಿನ ಪದ ಮೊದಲೇ ಗೊತ್ತುಮಾಡಿಕೊಳ್ಳಿ. ಮಗು ಯಾರಿಗೆ ಸಿಗಬಾರದು ಅನ್ನೋ ವಿಷಯ ಮನೆಯಲ್ಲಿ ಇದ್ದರೆ ಮುಜುಗರ ಬಿಟ್ಟು ಬರೆದುಕೊಡಿ. ಗೇಟಿನಲ್ಲಿ ನಿಂತವರಿಗೆ ಅದನ್ನು ಊಹಿಸೋಕೆ ಆಗಲ್ಲ.

ಬಸ್ಸು: ಹತ್ತುವಾಗ ಹೆಸರು, ಇಳಿಯುವಾಗ ಹೆಸರು, ಆಮೇಲೆ ಒಬ್ಬರು ಕೊನೇ ಸೀಟಿನವರೆಗೆ ನಡೆದುಕೊಂಡು ಹೋಗಿ ಸೀಟಿನ ಕೆಳಗೂ ನೋಡಿ ಬರಬೇಕು. ಮಕ್ಕಳು ನಿದ್ದೆಹೋಗಿ ಸೀಟಿನಿಂದ ಜಾರಿ ಕೆಳಗೆ ಮಲಗಿರ್ತಾರೆ, ಬಾಗಿಲಿಂದ ಕಾಣಲ್ಲ. ಮುಚ್ಚಿದ ವಾಹನ ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತೆ. ಈ ಒಂದು ವಿಷಯದಲ್ಲಿ ಯಾರ ಮುಲಾಜೂ ಬೇಡ, ಯಾರು ನೋಡ್ತಾರೆ ಅಂತ ಕೇಳಿ.

ಇನ್ನೊಂದು: ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಬಾಗಿಲು ಮುಚ್ಚಿದ ಜಾಗದಲ್ಲಿ ಇರಬಾರದು ಅನ್ನೋ ನಿಯಮ ಇದೆಯಾ ಕೇಳಿ. ಶೌಚಾಲಯಕ್ಕೆ ಎರಡು ಮೂರು ಮಕ್ಕಳು ಒಟ್ಟಿಗೆ, ಸಿಬ್ಬಂದಿ ಹೊರಬಾಗಿಲ ಹತ್ತಿರ, ಮಾತು ಕೇಳಿಸುವಷ್ಟು ದೂರದಲ್ಲಿ. ಇದು ಮಗುವಿಗೂ ಕ್ಷೇಮ, ಸಿಬ್ಬಂದಿಗೂ ಕ್ಷೇಮ. ಹೋದ ವರ್ಷದವರಲ್ಲಿ ಎಷ್ಟು ಜನ ಈ ವರ್ಷವೂ ಕೆಲಸಕ್ಕೆ ಬಂದಿದ್ದಾರೆ ಅಂತಲೂ ಕೇಳಿ. ಸಂಬಳ ಸರಿಯಿಲ್ಲದ, ಬಿಡುವು ಕೊಡದ ಜಾಗಕ್ಕೆ ಯಾರೂ ಎರಡನೇ ಸಲ ಬರಲ್ಲ, ಎಲ್ಲರೂ ಹೊಸಬರೇ ಆದರೆ ಮಕ್ಕಳ ಹೆಸರು ಕಲಿಯೋದರಲ್ಲೇ ಮೊದಲ ವಾರ ಹೋಗುತ್ತೆ.


ಉತ್ತರ 2 | ಎತ್ತರದ ಕುರ್ಚಿ (ಈಜುಕೊಳದ ಕಾವಲು)

ಮೇಲಿನವರು ಹೇಳಿದ್ದಕ್ಕೆ ನೀರಿನ ಭಾಗ ಸೇರಿಸ್ತೀನಿ.

ಮುಳುಗುವ ಮಗು ಕೂಗಲ್ಲ, ಕೈ ಬೀಸಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದು ಹೋಗ್ತಿರುತ್ತೆ, ತಲೆ ಹಿಂದಕ್ಕೆ ವಾಲಿರುತ್ತೆ, ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತೆ. ದೂರದಿಂದ ನೋಡಿದರೆ ಆಡ್ತಿದೆ ಅನ್ಸುತ್ತೆ. ಅದಕ್ಕೇ ನೀರು ನೋಡುವವರು ಬೇರೆ, ಮಕ್ಕಳನ್ನು ಆಡಿಸುವವರು ಬೇರೆ ಇರಬೇಕು. "ನಮ್ಮ ಈಜು ಮೇಷ್ಟ್ರು ಕಲಿಸ್ತಾ ನೋಡ್ಕೋತಾರೆ" ಅಂದರೆ ಯಾರೂ ನೋಡ್ತಿಲ್ಲ ಅಂತ ಅರ್ಥ. ಕಾವಲಿನವರಿಗೆ ಹೇಳಿಕೊಡುವ ಲೆಕ್ಕ 10/20: ತನ್ನ ಪಾಲಿನ ನೀರನ್ನು 10 ಸೆಕೆಂಡಿಗೊಮ್ಮೆ ಪೂರ್ತಿ ಕಣ್ಣಾಡಿಸಬೇಕು, ಕಷ್ಟ ಕಂಡ 20 ಸೆಕೆಂಡಿನಲ್ಲಿ ತಲುಪಬೇಕು. ಹೊತ್ತು ಹೋದಂತೆ ಕಣ್ಣು ಸೋಲುತ್ತೆ, ಆದ್ದರಿಂದ ಅರ್ಧ ಗಂಟೆಗೊಮ್ಮೆಯಾದರೂ ಆಳು ಬದಲಾಗಬೇಕು. ಕುರ್ಚಿಯಲ್ಲಿ ಕೂತವರ ಕೈಯಲ್ಲಿ ಫೋನ್ ಕಂಡರೆ ಮಾತಾಡದೆ ವಾಪಸ್ ಬನ್ನಿ.

ಕೇಳಬೇಕಾದ್ದು:

ಮೊದಲ ದಿನ ಪ್ರತಿ ಮಗುವಿಗೂ ಈಜು ಪರೀಕ್ಷೆ ಇದೆಯಾ? ಅಪ್ಪ ಅಮ್ಮ "ಬರುತ್ತೆ" ಅಂದದ್ದನ್ನು ನಂಬಿ ಆಳಕ್ಕೆ ಬಿಡಬಾರದು. ನೀರಿಗೆ ಇಳಿದು, ಒಂದು ನಿಮಿಷ ತೇಲಿ, ನಿಲ್ಲದೆ 25 ಮೀಟರ್ ಈಜಿ, ಏಣಿ ಇಲ್ಲದೆ ಅಂಚು ಹಿಡಿದು ಮೇಲೆ ಬಂದರೆ ಆಳಕ್ಕೆ ಬಿಡಬಹುದು. ಇಷ್ಟೂ ಆಗಬೇಕು. ಆಮೇಲೆ ಕೈಗೆ ಬಣ್ಣದ ಪಟ್ಟಿ. ಯಾವ ಬಣ್ಣದವರು ಯಾವ ಹಗ್ಗ ದಾಟಬಾರದು ಅನ್ನೋದು ಅಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ಜೋಡಿ ಪದ್ಧತಿ ಇದೆಯಾ? ಇಬ್ಬಿಬ್ಬರು ಜೋಡಿ. 10 ನಿಮಿಷಕ್ಕೊಮ್ಮೆ ಸೀಟಿ, ಜೋಡಿಗಳು ಕೈ ಹಿಡಿದು ಎತ್ತಬೇಕು, ದಡದಲ್ಲಿ ಎಣಿಕೆ. ಮಕ್ಕಳಿಗೆ ಬೇಜಾರು, ಗೊಣಗ್ತಾರೆ. ಗೊಣಗಲಿ.

ಕೊಳದ ತಳ ಕಾಣುತ್ತಾ? ಅತಿ ಆಳದ ಜಾಗದಲ್ಲಿರುವ ನೀರು ಹೋಗುವ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣದಿದ್ದರೆ ಆ ದಿನ ಯಾರೂ ಇಳಿಯಬಾರದು. ಕಲಕಿದ ನೀರಿನಲ್ಲಿ ತಳಕ್ಕೆ ಹೋದ ಮಗು ಕಾಣೋದೇ ಇಲ್ಲ. ಜಾಲರಿ ಒಡೆದಿದ್ದರೂ ಅಷ್ಟೇ: ಉದ್ದ ಕೂದಲು, ಸಡಿಲ ದಾರ ಎಳೆದುಕೊಳ್ಳುತ್ತೆ. ಕೂದಲು ಬಿಗಿಯಾಗಿ ಕಟ್ಟಿ ಟೋಪಿ ಹಾಕಿ ಕಳಿಸಿ.

ಉಸಿರು ಹಿಡಿಯುವ ಪಂದ್ಯ ಆಡಿಸುತ್ತಾರಾ ಅಂತ ಕೇಳಿ. ಆಡಿಸಬಾರದು. ಜೋರಾಗಿ ಹತ್ತಾರು ಸಲ ಉಸಿರಾಡಿ ಮುಳುಗಿದರೆ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಉಸಿರು ಬೇಕು ಅನ್ನುವ ಒತ್ತಡವೇ ಬರದೆ ಮಗು ನೀರೊಳಗೇ ಪ್ರಜ್ಞೆ ತಪ್ಪುತ್ತೆ. ಚೆನ್ನಾಗಿ ಈಜುವ 9, 10 ವರ್ಷದವರೇ ಇದಕ್ಕೆ ಬೀಳೋದು.

ಗುಡುಗು ಕೇಳಿದ ತಕ್ಷಣ ಎಲ್ಲರೂ ಮೇಲೆ. ಕೊನೇ ಗುಡುಗಿನಿಂದ 30 ನಿಮಿಷ ಕಾದು ಮತ್ತೆ. ಮಧ್ಯೆ ಇನ್ನೊಂದು ಕೇಳಿದರೆ ಲೆಕ್ಕ ಮೊದಲಿನಿಂದ.

ಚಿಕ್ಕವಳಿಗೆ ಗಾಳಿ ತುಂಬುವ ತೋಳಪಟ್ಟಿ ಕಳಿಸಬೇಡಿ. ಅದು ಆಟದ ಸಾಮಾನು, ಜಾರುತ್ತೆ, ತೂತಾಗುತ್ತೆ. ಈಜುಡುಪು ಕಿತ್ತಳೆ, ಹೊಳೆಯುವ ಹಳದಿ ಹಸಿರು, ಗುಲಾಬಿ ಇರಲಿ. ತಿಳಿನೀಲಿ, ಬಿಳಿ ಎರಡೂ ನೀರೊಳಗೆ ಮಾಯ. ಅಂಗಡಿಯಲ್ಲಿ ಸಿಗೋದೆಲ್ಲ ನೀಲಿಯೇ, ಅದು ಬೇರೆ ಮಾತು.


ಉತ್ತರ 3 | ಬಿಳಿ ಪೆಟ್ಟಿಗೆ (ಶಿಬಿರ ನರ್ಸ್)

ದೊಡ್ಡ ಮಗನ ವಿಷಯಕ್ಕೆ ಬರುತ್ತೇನೆ.

ಅರ್ಜಿಯಲ್ಲಿ "ಅಲರ್ಜಿ: ಕಡಲೆಕಾಯಿ" ಎಂದು ಬರೆದರೆ ಸಾಲದು. ವೈದ್ಯರ ಸಹಿ ಇರುವ ಒಂದು ಪುಟದ ಕ್ರಮಪತ್ರ ಬೇಕು: ಫೋಟೋ, ತೂಕ, ಯಾವ ಲಕ್ಷಣಕ್ಕೆ ಏನು, ಎಷ್ಟು ಹೊತ್ತಿಗೆ ಎರಡನೇ ಡೋಸ್. ಅದರ ಮೂರು ಪ್ರತಿ: ನರ್ಸ್ ಬಳಿ ಒಂದು, ಗುಂಪಿನ ನಾಯಕರ ಚೀಲದಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು. ಇಂಜೆಕ್ಟರ್ ಎರಡು ಕಳಿಸಿ, ಏಕೆಂದರೆ ಮೊದಲನೆಯದು ಕೆಲವೊಮ್ಮೆ ಸಾಲುವುದಿಲ್ಲ. ಮಕ್ಕಳಿಗೆ 0.15 ಮಿ.ಗ್ರಾಂ., ತೂಕ ಏರಿದ ಮೇಲೆ 0.3 ಮಿ.ಗ್ರಾಂ. 9 ವರ್ಷದವರು ಹೆಚ್ಚಾಗಿ ಆ ಗಡಿಯಲ್ಲೇ, 25ರಿಂದ 30 ಕಿಲೋ ನಡುವೆ ಇರುತ್ತಾರೆ. ಹೋದ ವರ್ಷದ ಇಂಜೆಕ್ಟರನ್ನೇ ಕಳಿಸುವ ಮುಂಚೆ ಮಗುವಿನ ತೂಕ ನೋಡಿ ವೈದ್ಯರನ್ನು ಕೇಳಿ. ಅವಧಿ ಮುಗಿಯುವ ತಿಂಗಳು ಶಿಬಿರದ ಕೊನೆಯ ದಿನಕ್ಕಿಂತ ಮುಂದೆ ಇರಲಿ. ಕಿಟಕಿಯಲ್ಲಿ ಕಾಣುವ ದ್ರವ ತಿಳಿಯಾಗಿರಬೇಕು. ಕಂದು ಬಣ್ಣ ಬಂದಿದ್ದರೆ ಬದಲಾಯಿಸಿ.

ಇಂಜೆಕ್ಟರ್ ಎಲ್ಲಿರುತ್ತದೆ ಎಂದು ಕೇಳಿ. "ಆಫೀಸಿನ ಬೀರುವಿನಲ್ಲಿ, ಬೀಗ ಹಾಕಿ" ಎಂದರೆ ಒಪ್ಪಬೇಡಿ. ಮಗು ಬಯಲಿನಲ್ಲಿ, ಬೀಗದ ಕೈ ಊಟಕ್ಕೆ ಹೋದವರ ಜೇಬಿನಲ್ಲಿ! ಮಗು ಇರುವ ಕಡೆ ಅದೂ ಇರಬೇಕು, ಅಂದರೆ ಗುಂಪಿನ ನಾಯಕರು ಸೊಂಟಕ್ಕೆ ಕಟ್ಟುವ ಚೀಲದಲ್ಲಿ. ಗುಂಪು ಬದಲಾದಾಗ ಚೀಲವೂ ಕೈ ಬದಲಾಯಿಸಬೇಕು, ಅದಕ್ಕೂ ಹಾಳೆಯಲ್ಲಿ ಒಂದು ಕಾಲಂ.

ಸಿಬ್ಬಂದಿಗೆ ಸೂಜಿಯಿಲ್ಲದ ಅಭ್ಯಾಸದ ಇಂಜೆಕ್ಟರ್ ಕೊಟ್ಟು ಮಾಡಿಸಿದ್ದಾರಾ? ಗಾಬರಿಯಲ್ಲಿ ಆಗುವ ತಪ್ಪುಗಳು ಯಾವಾಗಲೂ ಇವೇ. ಒಂದು, ಮೊದಲು ಅಲರ್ಜಿ ಮಾತ್ರೆ ಕೊಟ್ಟು ಕಾಯುವುದು. ತುರಿಕೆಗೆ ಅದು ಸರಿ. ಆದರೆ ದನಿ ಒಡೆದಿದ್ದರೆ, ಬಿಡದ ಕೆಮ್ಮು, ಉಸಿರಿನಲ್ಲಿ ಸಿಳ್ಳೆ, ನಾಲಿಗೆ ಊತ, ಮೇಲಿಂದ ಮೇಲೆ ವಾಂತಿ, ಮಗು ಬಿಳಿಚಿಕೊಂಡು ಜೋಲುವುದು ಕಂಡರೆ ಕಾಯುವ ಮಾತಿಲ್ಲ. ಎರಡು, ಇಂಜೆಕ್ಟರನ್ನು ತಿರುವುಮುರುವಾಗಿ ಹಿಡಿದು ತುದಿಯ ಮೇಲೆ ಹೆಬ್ಬೆರಳಿಟ್ಟು ತಮ್ಮ ಬೆರಳಿಗೇ ಚುಚ್ಚಿಕೊಳ್ಳುವುದು. ಮುಷ್ಟಿಯಲ್ಲಿ ಹಿಡಿಯಬೇಕು, ಹೆಬ್ಬೆರಳು ಎರಡೂ ತುದಿಯಿಂದ ದೂರ. ತೊಡೆಯ ಹೊರಭಾಗದ ನಡುವೆ, ಬಟ್ಟೆಯ ಮೇಲಿಂದಲೇ, ಜೇಬಿನಲ್ಲಿ ಏನೂ ಇಲ್ಲವೆಂದು ನೋಡಿಕೊಂಡು. ಒತ್ತಿ ಹಿಡಿಯುವ ಹೊತ್ತು ಒಂದೊಂದು ಕಂಪನಿಯದಕ್ಕೆ ಒಂದೊಂದು ಥರ, ಕೆಲವಕ್ಕೆ 3 ಸೆಕೆಂಡು, ಕೆಲವಕ್ಕೆ 10. ನಿಮ್ಮದು ಯಾವುದೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಮೂರು, ಚುಚ್ಚಿದ ಮೇಲೆ ಮಗುವನ್ನು ಎಬ್ಬಿಸಿ ನಡೆಸಿಕೊಂಡು ಹೋಗುವುದು. ಇದು ತುಂಬ ಅಪಾಯ, ರಕ್ತದ ಒತ್ತಡ ಕುಸಿಯುತ್ತದೆ. ಮಲಗಿಸಿಯೇ ಇಡಬೇಕು. ಉಸಿರಾಟ ಕಷ್ಟವಿದ್ದರೆ ಕಾಲು ಚಾಚಿ ಕೂರಿಸಬಹುದು. ಆಂಬುಲೆನ್ಸ್ ಅಲ್ಲಿಗೇ ಬರಲಿ. ಚುಚ್ಚಿದ ಹೊತ್ತು ಬರೆದಿಟ್ಟುಕೊಂಡು, 5 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು.

ನಿಮ್ಮ ಮಗನಿಗೆ ಉಬ್ಬಸವೂ ಇರುವುದರಿಂದ ಒಂದು ಗೊಂದಲ ಖಂಡಿತ ಬರುತ್ತದೆ: ಇದು ಅಲರ್ಜಿಯೋ, ಉಬ್ಬಸವೋ? ಅನುಮಾನವಿದ್ದರೆ ಮೊದಲು ಅಡ್ರಿನಲಿನ್, ಆಮೇಲೆ ಇನ್ಹೇಲರ್. ಈ ಸಾಲನ್ನು ಕ್ರಮಪತ್ರದಲ್ಲಿ ವೈದ್ಯರಿಂದಲೇ ಬರೆಸಿಕೊಳ್ಳಿ.

ಇನ್ಹೇಲರ್ ಜೊತೆ ಸ್ಪೇಸರ್ (ಇನ್ಹೇಲರ್ ಬಾಯಿಗೆ ಸಿಕ್ಕಿಸುವ ಕೊಳವೆಯಂಥ ಡಬ್ಬಿ) ಕಳಿಸದವರೇ ಹೆಚ್ಚು. ಸ್ಪೇಸರ್ ಇಲ್ಲದೆ ಓಡಿ ದಣಿದ ಮಗು ಎಳೆದುಕೊಂಡರೆ ಔಷಧಿ ನಾಲಿಗೆ, ಗಂಟಲಿಗೇ ಅಂಟುತ್ತದೆ. ಅಲ್ಲಾಡಿಸಿ, ಒಂದು ಪಫ್, ಸ್ಪೇಸರ್ ಮೂಲಕ 4ರಿಂದ 6 ಉಸಿರು, ಮತ್ತೆ ಅಲ್ಲಾಡಿಸಿ ಮುಂದಿನದು. ಎರಡು ಮೂರು ಪಫ್ ಒಟ್ಟಿಗೆ ಒತ್ತಬಾರದು. ಹೊಸ ಇನ್ಹೇಲರ್ ಅಥವಾ ಬಹಳ ದಿನ ಬಳಸದ್ದಾದರೆ ಮೊದಲು ಗಾಳಿಗೆ ಕೆಲವು ಸಲ ಒತ್ತಿ ನೋಡಬೇಕು. ಎಷ್ಟು ಉಳಿದಿದೆ ಎಂದು ಎಣಿಕೆ ಕಿಟಕಿ ನೋಡಿ ಕಳಿಸಿ.

ಬಿಸಿಲು. 9ರಿಂದ 12 ವರ್ಷದವರು ಓಡಾಡುವಾಗ 20 ನಿಮಿಷಕ್ಕೊಮ್ಮೆ 100ರಿಂದ 250 ಮಿ.ಲೀ. ನೀರು ಕುಡಿಯಬೇಕು. "ಬಾಯಾರಿದಾಗ ಕುಡೀರಿ" ಎಂದು ಬಿಟ್ಟರೆ ಆಟದ ನಡುವೆ ಯಾವ ಮಗುವೂ ಕುಡಿಯುವುದಿಲ್ಲ, ಸೀಟಿ ಊದಿ ಕುಡಿಸಬೇಕು. ದೇಹ ಬಿಸಿಲಿಗೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಆದ್ದರಿಂದ ಮೊದಲ ವಾರವೇ ಓಟದ ಪಂದ್ಯ ಇಡುವವರು ಕೆಲಸ ತಿಳಿಯದವರು. ತಲೆನೋವು, ಸುಸ್ತು, ವಾಕರಿಕೆ ಇದ್ದರೆ ನೆರಳು, ಮಲಗಿಸಿ ಕಾಲು ಎತ್ತರಕ್ಕೆ, ಗುಟುಕು ಗುಟುಕಾಗಿ ನೀರು. ಮಾತು ತೊದಲಿದರೆ, ತೂರಾಡಿದರೆ, ಏನೇನೋ ಬಡಬಡಿಸಿದರೆ ಅದು ಬಿಸಿಲಾಘಾತ, ಮೈ ಬಿಸಿ 40 ಡಿಗ್ರಿ ದಾಟಿರುತ್ತದೆ. ಆಂಬುಲೆನ್ಸಿಗೆ ಕರೆ ಹೋಗಲಿ, ಆದರೆ ಅದು ಬರುವವರೆಗೆ ತಣ್ಣಗೆ ಮಾಡುವುದು ನಿಲ್ಲಬಾರದು: ತಣ್ಣೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಕೂರಿಸುವುದು ಎಲ್ಲಕ್ಕಿಂತ ಬೇಗ, ಇಲ್ಲದಿದ್ದರೆ ಮೈಮೇಲೆ ನೀರು ಸುರಿದು ಗಾಳಿ ಬೀಸುವುದು.

ಜ್ವರ ಬಂದರೆ, ಮತ್ತೆ ಶಿಬಿರಕ್ಕೆ ಕಳಿಸುವ ಮುಂಚೆ ಔಷಧಿಯಿಲ್ಲದೆ 24 ಗಂಟೆ ಜ್ವರವಿಲ್ಲದಿರಬೇಕು. ವಾಂತಿ ಭೇದಿ ನಿಂತು 48 ಗಂಟೆ. ಬೆಳಿಗ್ಗೆ ಜ್ವರದ ಔಷಧಿ ಕುಡಿಸಿ ಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ಅದರ ಪ್ರಭಾವ ಇಳಿದು ಗೊತ್ತಾಗಿಯೇ ಆಗುತ್ತದೆ, ಅಷ್ಟರಲ್ಲಿ ಗುಂಪಿಗೆಲ್ಲ ಹಂಚಿರುತ್ತದೆ. ಹೊಟ್ಟೆ ಕೆಡಿಸುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ, ಸೋಪು ನೀರೇ ಬೇಕು. ಊಟದ ಜಾಗದ ಹತ್ತಿರ ಕೈತೊಳೆಯುವ ನಲ್ಲಿ ಎಷ್ಟಿದೆ ಎಂದು ಎಣಿಸಿ ಬನ್ನಿ. ಹೇನು ಬಂದರೆ ಅಷ್ಟು ಗಾಬರಿ ಬೇಡ, ತಲೆಗೆ ತಲೆ ತಾಗಿದಾಗ ಹರಡುವುದು. ಚಿಕಿತ್ಸೆ ಮಾಡಿ ಕಳಿಸಬಹುದು.


ಉತ್ತರ 4 | ಒಂದೇ ಕಾಲ್ಚೀಲ (ಪೋಷಕ)

ಚೀಲದ ಪಾಠ ನನ್ನಿಂದ. ಸೂತ್ರ ಒಂದೇ: ಮಗು ತಾನೇ ತೆಗೆದು, ತಾನೇ ಮುಚ್ಚಿ, ತಾನೇ ಗುರುತಿಸಬೇಕು. ಹಿಂದಿನ ದಿನ ಮನೆಯಲ್ಲಿ ಪರೀಕ್ಷೆ ಮಾಡಿ. ಡಬ್ಬಿ ಮುಚ್ಚಳ ತೆಗೆಯೋಕೆ ಬರುತ್ತಾ, ಬಾಟಲಿ ತಿರುಪು ಬಿಗಿಯಾಗಿ ಹಾಕೋಕೆ ಬರುತ್ತಾ, ಒದ್ದೆ ಈಜುಡುಪು ಬಿಚ್ಚೋಕೆ ಬರುತ್ತಾ? ಒದ್ದೆ ಮೈಗೆ ಅಂಟಿದ ಬಟ್ಟೆ ಬಿಚ್ಚೋದು ಒಣ ಬಟ್ಟೆಯಷ್ಟು ಸುಲಭ ಅಲ್ಲ, ಸ್ನಾನದ ಮನೆಯಲ್ಲಿ ಎರಡು ಸಲ ಅಭ್ಯಾಸ ಮಾಡಿಸಿ. ಚಿಕ್ಕವಳಿಗೆ ಎರಡು ತುಂಡಿನ ಈಜುಡುಪು ವಾಸಿ, ಶೌಚಾಲಯಕ್ಕೆ ಹೋಗಬೇಕಾದಾಗ ಪೂರ್ತಿ ಬಿಚ್ಚಬೇಕಿಲ್ಲ.

ಹೆಸರು ಎಲ್ಲದರ ಮೇಲೂ. ಕಾಲ್ಚೀಲದ ಮೇಲೂ, ಎರಡರ ಮೇಲೂ. ಅಳಿಸದ ಮಾರ್ಕರ್‌ನಲ್ಲಿ ಬಟ್ಟೆಯ ಒಳಪಟ್ಟಿಗೆ ಬರೆದರೆ ಮೂರು ವಾರ ಬರುತ್ತೆ. ಅಂಟಿಸುವ ಚೀಟಿ ಬಾಟಲಿಗೆ ಸರಿ, ಸನ್‌ಸ್ಕ್ರೀನ್ ಕೈ ತಾಗಿದ ಕಡೆ ಕಿತ್ತುಬರುತ್ತೆ. ಚೀಲದ ಹೊರಗಡೆ ಹೆಸರು ದೊಡ್ಡದಾಗಿ ಬೇಡ, ಅಪರಿಚಿತರು ಓದಿ ಹೆಸರು ಹಿಡಿದು ಕರೆಯುವ ಹಾಗಾಗುತ್ತೆ. ಬದಲಿಗೆ ಗುರುತಿಗೆ ಒಂದು ಬಣ್ಣದ ದಾರ ಕಟ್ಟಿ, ಓದೋಕೆ ಬಾರದ ಮಗುವಿಗೂ ಅದೇ ಸುಲಭ.

ಬಾಟಲಿ ಕನಿಷ್ಠ 750 ಮಿ.ಲೀ. ನರ್ಸ್ ಹೇಳಿದ ಲೆಕ್ಕ ಹಿಡಿದರೆ ಅದು ಒಂದೆರಡು ಗಂಟೆಯ ಆಟಕ್ಕೇ ಖಾಲಿ, ಎಲ್ಲಿ ತುಂಬಿಸಬೇಕು ಅಂತ ಮೊದಲ ದಿನವೇ ಮಗುವಿಗೆ ತೋರಿಸಿ. ಶೂ ಮುಂಭಾಗ ಮುಚ್ಚಿರಬೇಕು, ಚಿಕ್ಕವರಿಗೆ ವೆಲ್ಕ್ರೋ. ಲೇಸು ಕಟ್ಟಿಸಿಕೊಳ್ಳಲು 8 ಮಕ್ಕಳು ಸಾಲುಗಟ್ಟಿದರೆ ನಾಯಕರ ಕಣ್ಣು ನೆಲದ ಮೇಲೇ. ಟೋಪಿ ಕಿವಿ ಕತ್ತು ಮುಚ್ಚುವ ಅಗಲ ಅಂಚಿನದು, ಗಲ್ಲದ ಕೆಳಗೆ ಗಂಟು ಹಾಕುವ ದಾರ ಇಲ್ಲದ್ದು, ಜಾರುಬಂಡೆಗೆ ಸಿಕ್ಕಿದರೆ ಕತ್ತಿಗೆ ಬಿಗಿಯುತ್ತೆ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಮೇಲೆ. ಬೆಳಗಿನದು ಮನೆಯಲ್ಲೇ, ಬಿಸಿಲಿಗೆ ಹೋಗುವ 15 ನಿಮಿಷ ಮುಂಚೆ. ಆಮೇಲೆ 2 ಗಂಟೆಗೊಮ್ಮೆ, ನೀರಿಂದ ಬಂದ ತಕ್ಷಣ ಮತ್ತೊಮ್ಮೆ. ಎಲ್ಲರೂ ಮರೆಯುವ ಜಾಗ: ಕಿವಿಯ ತುದಿ, ಕತ್ತಿನ ಹಿಂದೆ, ಪಾದದ ಮೇಲ್ಭಾಗ. ಸಿಬ್ಬಂದಿ ಹಚ್ಚಬಹುದು ಅಂತ ಬರೆದುಕೊಡದಿದ್ದರೆ ಬಹಳ ಕಡೆ ಅವರು ಮುಟ್ಟಲ್ಲ, ಮಗು ಮೂಗಿಗೆ ಮಾತ್ರ ಬಳಿದುಕೊಂಡು ಬರುತ್ತೆ. ಉಬ್ಬಸದ ಮಗುವಿಗೆ ಸ್ಪ್ರೇ ಬೇಡ, ಹಚ್ಚುವುದೇ ಇರಲಿ.

ಊಟದ ಡಬ್ಬಿ: 5ರಿಂದ 60 ಡಿಗ್ರಿ ನಡುವೆ ಬೇಗ ಕೆಡುವ ತಿಂಡಿ 2 ಗಂಟೆಗಿಂತ ಹೆಚ್ಚು ಇರಬಾರದು, ಹೊರಗೆ 32 ದಾಟಿದರೆ 1 ಗಂಟೆ. 9ಕ್ಕೆ ಬಿಟ್ಟು 12ಕ್ಕೆ ಉಣ್ಣುವುದಾದರೆ ಲೆಕ್ಕ ಮೀರಿತು. ಶಾಖ ತಡೆಯುವ ಚೀಲ, ಡಬ್ಬಿಯ ಕೆಳಗೊಂದು ಮೇಲೊಂದು ಐಸ್ ಪ್ಯಾಕ್. ಮೇಲಿನದಕ್ಕೆ ಬದಲು ಗಟ್ಟಿ ಮಾಡಿದ ನೀರಿನ ಬಾಟಲಿ ಇಟ್ಟರೆ ಊಟದ ಹೊತ್ತಿಗೆ ಕುಡಿಯಲೂ ಆಯಿತು. ನಾನಾದರೆ ಇನ್ಹೇಲರ್, ಇಂಜೆಕ್ಟರ್ ಎರಡನ್ನೂ ಅದೇ ತಂಪು ಚೀಲದಲ್ಲಿ ಹಾಕಿಬಿಡ್ತೀನಿ, ಬಿಸಿಲಿಗೆ ಕೆಡಲ್ಲ.


ಎರಡು ಚೀಲದ ಅಮ್ಮ

ಬರೆದುಕೊಂಡು ಕೂತಿದ್ದೀನಿ, ಎಲ್ಲರಿಗೂ ಧನ್ಯವಾದ. ಚಿಕ್ಕವಳ ವಿಷಯ ಉಳಿಯಿತು. ಮೊದಲ ದಿನ ಗೇಟಿನಲ್ಲಿ ಅತ್ತರೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂರಬಹುದಾ? ಫೋನ್ ಮಾಡಲು ಬರುವ ಕೈಗಡಿಯಾರ ಕಟ್ಟಿ ಕಳಿಸಿದರೆ ಧೈರ್ಯ ಇರುತ್ತಾ?


ಉತ್ತರ 5 | ಪುಟಾಣಿ ಗುಂಪು (5ರಿಂದ 7 ವರ್ಷದವರ ನಾಯಕಿ)

ಕೂರಬೇಡಿ. ನೀವು ಕೂತಷ್ಟು ಹೊತ್ತೂ ಅವಳು ಆಟಕ್ಕೆ ಸೇರಲ್ಲ, ನಿಮ್ಮನ್ನೇ ಕಾಯ್ತಾ ಕೂರ್ತಾಳೆ. ಆದರೆ ಕಣ್ಣು ತಪ್ಪಿಸಿ ಓಡಿಹೋಗೋದು ಇನ್ನೂ ಕೆಟ್ಟದು, ಮಾರನೇ ದಿನದಿಂದ ಕೈ ಬಿಡೋದೇ ಇಲ್ಲ. ಒಂದು ಅಪ್ಪುಗೆ, ಒಂದು ಮಾತು, ಹೊರಡಿ. ಆ ಮಾತು ಪ್ರತಿದಿನ ಅದೇ ಇರಲಿ, ಅದರಲ್ಲಿ ಗಡಿಯಾರದ ಹೊತ್ತು ಬೇಡ. "4 ಗಂಟೆಗೆ ಬರ್ತೀನಿ" ಅಂದರೆ 5 ವರ್ಷದ ಮಗುವಿಗೆ ಏನೂ ತಿಳಿಯಲ್ಲ. "ಸಂಜೆ ತಿಂಡಿ ತಿಂದು ಚೀಲ ಹಾಕ್ಕೊಂಡ ಮೇಲೆ ಬರ್ತೀನಿ" ಅಂದರೆ ತಿಳಿಯುತ್ತೆ. ಹೇಳಿದ ಮೇಲೆ ಆ ಹೊತ್ತಿಗೆ ಬಂದೇ ಬರಬೇಕು, ಮೊದಲ ವಾರವಂತೂ ಒಂದು ನಿಮಿಷ ತಡ ಬೇಡ. ಉಳಿದ ಮಕ್ಕಳೆಲ್ಲ ಹೋಗಿ ತಾನೊಬ್ಬಳೇ ಉಳಿದರೆ ಇಡೀ ದಿನದ ಖುಷಿ ಅಷ್ಟರಲ್ಲೇ ಕರಗುತ್ತೆ.

ಮಗುವನ್ನು ಗುಂಪಿಗೆ ಒಪ್ಪಿಸಬೇಡಿ, ಒಬ್ಬರ ಕೈಗೆ ಒಪ್ಪಿಸಿ. ಆ ನಾಯಕಿಯ ಹೆಸರು ಮೊದಲೇ ಕೇಳಿಕೊಂಡು ಮನೆಯಲ್ಲಿ ಹೇಳ್ತಾ ಇರಿ. ನಾವು ಮೊದಲ ಐದು ನಿಮಿಷಕ್ಕೆ ಕೈಗೆ ಏನಾದರೂ ಕೆಲಸ ಕೊಡ್ತೀವಿ, ಹಾಜರಿ ಪೆನ್ನು ಹಿಡಿಯೋದು, ಟೋಪಿಗಳನ್ನು ಬುಟ್ಟಿಗೆ ಹಾಕೋದು. ಕೈಗೆ ಕೆಲಸ ಸಿಕ್ಕರೆ ಅಳು ಅರ್ಧಕ್ಕೆ ಇಳಿಯುತ್ತೆ. ಹತ್ತು ನಿಮಿಷದ ನಂತರ ಹೇಗಿದ್ದಾಳೆ ಅಂತ ಒಂದು ಸಂದೇಶ ಕಳಿಸಿ ಅಂತ ಕೇಳಿಕೊಳ್ಳಿ, ಯಾರೂ ಬೇಸರ ಮಾಡ್ಕೊಳ್ಳಲ್ಲ. ದಿನಕ್ಕೆ ಆರು ಸಲ ಫೋನ್ ಮಾಡಿದರೆ ಮಾತ್ರ, ಆರು ಸಲ ನಾನು ಮಕ್ಕಳಿಂದ ಕಣ್ಣು ತೆಗೀಬೇಕು.

ಗಡಿಯಾರ ಬೇಡ ಅನ್ನೋದು ನನ್ನ ಅಭಿಪ್ರಾಯ. ಸಣ್ಣ ಜಗಳಕ್ಕೂ ನಿಮಗೆ ಫೋನ್ ಬರುತ್ತೆ, ಪಕ್ಕದಲ್ಲೇ ಇರುವ ನನಗೆ ಗೊತ್ತಿರಲ್ಲ. ನೀವು ಗಾಬರಿ, ನಾನು ಕಕ್ಕಾಬಿಕ್ಕಿ. ಬದಲಿಗೆ ಮೂರು ಮಾತು ಕಲಿಸಿ ಕಳಿಸಿ: "ಬಾತ್‌ರೂಮ್ ಬಂದಿದೆ", "ನೋವಾಗ್ತಿದೆ", "ಇದು ನಂಗೆ ಬೇಡ". ಮೊದಲನೇದು ತುಂಬಾ ಮುಖ್ಯ. ಈ ವಯಸ್ಸಿನವರು ಹೊಸ ಶೌಚಾಲಯದ ಸದ್ದಿಗೆ, ವಾಸನೆಗೆ ಹೆದರಿ ಸಂಜೆವರೆಗೂ ತಡ್ಕೋತಾರೆ, ಆಮೇಲೆ ಬಟ್ಟೆ ಒದ್ದೆ, ಮಾರನೇ ದಿನ "ಹೋಗಲ್ಲ". ಮನೆಯವರು ಅದನ್ನು ಗೆಳೆಯರ ಜಗಳ ಅಂದುಕೊಳ್ತಾರೆ. ಸೇರಿಸುವ ದಿನವೇ ಒಳಗೆ ಕರ್ಕೊಂಡು ಹೋಗಿ ತೋರಿಸಿ, ಒಮ್ಮೆ ಬಳಸಿಯೂ ಬರಲಿ. ಇನ್ನೊಂದು ಜೊತೆ ಬಟ್ಟೆ ಚೀಲದ ತಳದಲ್ಲಿ ಇರಲಿ, ಅದು ಅಲ್ಲಿದೆ ಅಂತ ಅವಳಿಗೆ ಗೊತ್ತಿರಲಿ.

ಸಂಜೆ ಮನೆಗೆ ಬಂದ ಮೇಲೆ ಕಾರಣವಿಲ್ಲದೆ ರಂಪ ಮಾಡಿದರೆ ಶಿಬಿರ ಕೆಟ್ಟದು ಅಂತ ತೀರ್ಮಾನಿಸಬೇಡಿ. ದಿನವೆಲ್ಲ ಅಂಕೆಯಲ್ಲಿದ್ದು, ಸಾಲಿನಲ್ಲಿ ನಿಂತು, ಸದ್ದಿನ ಮಧ್ಯೆ ಇದ್ದು ಬಂದ ಮಗು ಮನೆಯಲ್ಲಿ ಬಿಚ್ಚಿಕೊಳ್ಳುತ್ತೆ. ಮೊದಲ ವಾರ ನೀರು, ತಿಂಡಿ, ಅರ್ಧ ಗಂಟೆ ಸುಮ್ಮನಿರೋದು. ಪ್ರಶ್ನೆ ಆಮೇಲೆ. "ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅಷ್ಟೇ. "ಊಟಕ್ಕೆ ಯಾರ ಪಕ್ಕ ಕೂತೆ?", "ಇವತ್ತು ಯಾರು ಅತ್ತರು?" ಅಂತ ಕೇಳಿ. ಎರಡನೆಯದಕ್ಕೆ ಉತ್ತರ ಉದ್ದ ಇರುತ್ತೆ. ಒಂದು ವಾರ ದಾಟಿದ ಮೇಲೂ ಹೊಟ್ಟೆನೋವು, ನಿದ್ದೆಯಲ್ಲಿ ಬೆಚ್ಚಿ ಬೀಳೋದು, ಒಬ್ಬ ವ್ಯಕ್ತಿಯ ಹೆಸರು ಬಂದಾಗ ಮಾತ್ರ ಸುಮ್ಮನಾಗೋದು ಕಂಡರೆ ಅದು ಬೇರೆ, ಆಗ ಅವಳನ್ನು ಕಳಿಸದೆ ಮುಖ್ಯಸ್ಥರ ಹತ್ತಿರ ನೇರ ಕೂತು ಮಾತಾಡಿ.


ಹಾಜರಿ ಹಲಗೆ

ಗಡಿಯಾರದ ವಿಷಯದಲ್ಲಿ ನಾನು ಅಷ್ಟು ಬಿಗಿ ಇಲ್ಲ. 9 ವರ್ಷದವನಿಗೆ, ಬಸ್ಸಿನಲ್ಲಿ ಹೊರಗೆ ಹೋಗುವ ದಿನ ಮಾತ್ರ, ಜಾಗ ತೋರಿಸುವಂಥದ್ದು ಇದ್ದರೆ ಅಡ್ಡಿಯಿಲ್ಲ, ಕ್ಯಾಮೆರಾ ಇಲ್ಲದಿದ್ದರೆ. ಬಟ್ಟೆ ಬದಲಾಯಿಸುವ ಕೋಣೆಗೆ ಕ್ಯಾಮೆರಾ ಇರುವ ಯಾವುದೂ ಹೋಗಬಾರದು, ಮಕ್ಕಳದೂ ಸಿಬ್ಬಂದಿಯದೂ. ಫೋಟೋ ತೆಗೆದು ಹಾಕಲು ಒಪ್ಪಿಗೆ ಕೇಳುವ ಹಾಳೆಯಲ್ಲಿ "ಬೇಡ" ಅಂತ ಗುರುತು ಹಾಕುವ ಹಕ್ಕು ನಿಮಗಿದೆ, ಅದಕ್ಕೆ ಯಾರೂ ಮುಖ ಸಿಂಡರಿಸಬಾರದು.


ಬಿಳಿ ಪೆಟ್ಟಿಗೆ

ಉತ್ತರ 4ರ ಕೊನೇ ಸಾಲನ್ನು ದಯವಿಟ್ಟು ಪಾಲಿಸಬೇಡಿ. ಉಳಿದದ್ದೆಲ್ಲ ಚಿನ್ನದಂಥ ಮಾತು, ಅದೊಂದು ತಪ್ಪು. ಅಡ್ರಿನಲಿನ್ ಇಂಜೆಕ್ಟರ್ 20ರಿಂದ 25 ಡಿಗ್ರಿಯಲ್ಲಿ ಇರಬೇಕು. ಫ್ರಿಜ್ಜಿಗೂ ಐಸಿನ ಪಕ್ಕಕ್ಕೂ ಹೋಗಬಾರದು, ಅತಿ ತಂಪಿಗೆ ಒಳಗಿನ ಯಂತ್ರ ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಇನ್ಹೇಲರ್ ಡಬ್ಬಿ ತಣ್ಣಗಾದರೆ ಒತ್ತಡ ಇಳಿದು ಪಫ್ ಸರಿಯಾಗಿ ಬರುವುದಿಲ್ಲ. ಹಾಗಂತ ನಿಲ್ಲಿಸಿದ ಬಸ್ಸಿನಲ್ಲಿ, ಬಿಸಿಲಿಗಿಟ್ಟ ಚೀಲದಲ್ಲಿ ಬಿಡುವುದೂ ತಪ್ಪು. ಔಷಧಿಗೆಂದೇ ಇರುವ, ಐಸ್ ಹಾಕದ, ಶಾಖ ತಡೆಯುವ ಸಣ್ಣ ಚೀಲ ತೆಗೆದುಕೊಳ್ಳಿ. ಅದರಲ್ಲಿ ಎರಡು ಇಂಜೆಕ್ಟರ್, ಇನ್ಹೇಲರ್, ಸ್ಪೇಸರ್, ಮಡಚಿದ ಕ್ರಮಪತ್ರ. ಹೊರಗಡೆ ಮಗನ ಫೋಟೋ. ಮೊದಲ ದಿನ ಅದನ್ನು ಅವನ ಬೆನ್ನಿನ ಚೀಲಕ್ಕೆ ತುರುಕಿ ಕಳಿಸದೆ, ನೀವೇ ನಾಯಕರ ಕೈಗೆ ಕೊಟ್ಟು, ತೆಗೆದುಕೊಂಡವರ ಸಹಿ ಹಾಕಿಸಿಕೊಳ್ಳಿ.